ರಾಕಿಯಿಲ್ಲದ ಕೆ.ಜಿ.ಎಫ್‌ಗೆ ಒಂದು ಟಿಕೆಟ್!

ಚಿತ್ರರಸಿಕ ಮಿತ್ರರೇ, ನಿಮಗೊಂದು ಪ್ರಶ್ನೆ. ನರಾಚಿ ಎಲ್ಲಿದೆ?

'ಅದೂ ಒಂದು ಪ್ರಶ್ನೇನಾ ಸಾರ್, ಕೆ.ಜಿ.ಎಫ್‌ನಲ್ಲಿದೆ' ಅಂತ ಥಟ್ಟನೆ ಹೇಳ್ತೀರಿ. 2018ರ ಡಿಸೆಂಬರ್ 21ನೇ ತಾರೀಖಿನಿಂದ ಈಚೆಗೆ ಯಾರನ್ನು ಕೇಳಿದರೂ ಇದೇ ಉತ್ತರ. ಆದರೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತು 'ನರಾಚಿಗೆ ಒಂದು ಟಿಕೆಟ್ ಕೊಡಿ' ಎಂದು ಕೇಳಿ ನೋಡಿ. ಕೌಂಟರಿನವರು ನಿಮ್ಮ ಮುಖ ಒಂದು ಸಲ ನೋಡಿ 'ಮುಂದಿನವರು ಬನ್ನಿ' ಅಂತಾರೆ. ನರಾಚಿ ಅನ್ನುವುದು ಪ್ರಶಾಂತ್ ನೀಲ್ ಅವರ ತಲೆಯೊಳಗೆ ಹುಟ್ಟಿದ ಊರು. ಟಿಕೆಟ್ ಸಿಗುವುದು ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂಗೆ. ಹೆಸರು ಕೇಳಿದರೆ ಇವೂ ಸಿನಿಮಾ ಹೆಸರುಗಳ ಹಾಗೇ ಇವೆ, ಅಲ್ಲವೇ? ಇವು ನಿಜ. ಇವುಗಳ ಕಥೆಯೂ ನಿಜ. ಆ ಕಥೆಯಲ್ಲಿ ರಾಕಿ ಇಲ್ಲ. ಗರುಡನೂ ಇಲ್ಲ, ಅಧೀರನೂ ಇಲ್ಲ. ಆದರೆ ಫೈಟ್ ಇದೆ ಸ್ವಾಮಿ, ಬೇಕಾದಷ್ಟಿದೆ!

ಬೌರಿಂಗ್ ಸಾಹೇಬರ ಪೇಟೆ

ಬೆಂಗಳೂರಿನಿಂದ ಜೋಲಾರ್‌ಪೇಟೆ ಕಡೆ ಹೋಗುವ ರೈಲು ಹತ್ತಿದರೆ ಸುಮಾರು 70 ಕಿಲೋಮೀಟರಿಗೆ ಬಂಗಾರಪೇಟೆ. ಹೆಸರಿನಲ್ಲಿ ಬಂಗಾರ ಇದೆ ಅಂತ ಇಲ್ಲಿ ನೆಲ ಕೆದಕಬೇಡಿ, ಒಂದು ಗುಂಜಿಯೂ ಸಿಗದು. ಲೆವಿನ್ ಬೌರಿಂಗ್ ಎಂಬ ಇಂಗ್ಲಿಷ್ ಅಧಿಕಾರಿ 1862ರಿಂದ 1870ರವರೆಗೆ ಮೈಸೂರು ಸೀಮೆಯ ಕಮಿಷನರ್ ಆಗಿದ್ದರು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಇದೆಯಲ್ಲ, ಆ ಬೌರಿಂಗೇ. ಅವರ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆ ಆಯಿತು. ಹತ್ತಿರದಲ್ಲೇ ಚಿನ್ನದ ಗಣಿ, ಜನರ ಬಾಯಿಗೆ ಬೌರಿಂಗ್‌ಗಿಂತ ಬಂಗಾರ ಸಲೀಸು. ಪೇಟೆ ಹೆಸರು ಬದಲಾಯಿಸಿಕೊಂಡಿತು. 1894ರಲ್ಲಿ ಇಲ್ಲಿಂದ ಗಣಿ ಕಡೆಗೆ ಒಂದು ಕವಲು ಹಳಿ ಹಾಕಿದರು. ಯಂತ್ರ, ಕಲ್ಲಿದ್ದಲು, ಕೂಲಿ ಜನ, ಇಂಗ್ಲೆಂಡಿನಿಂದ ಬಂದ ಸಾಹೇಬರು, ಅವರ ಪಿಯಾನೋ... ಎಲ್ಲಾ ಇದೇ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿ ಒಳಗೆ ಹೋದವು.

ಈಗ ಬಂಗಾರಪೇಟೆ ಅಂದರೆ ನಿಮ್ಮ ವಯಸ್ಸಿನವರಿಗೆ ನೆನಪಾಗುವುದು ಪಾನಿಪುರಿ. ಪಾನಿಗೆ ಬಣ್ಣವೇ ಇಲ್ಲ! ತಿಳಿನೀರು. ಹಸಿರು ಇಲ್ಲ, ಕಂದು ಇಲ್ಲ. 'ಇದೇನು, ಬರೀ ನೀರು ಕೊಟ್ಟು ಯಾಮಾರಿಸ್ತಾ ಇದಾರಾ' ಅಂದುಕೊಂಡು ಬಾಯಿಗಿಟ್ಟವರಿಗೆ ಕಣ್ಣಲ್ಲಿ ನೀರು. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಇವತ್ತು 'ಬಂಗಾರಪೇಟೆ ಚಾಟ್ಸ್' ಬೋರ್ಡು ಕಾಣುತ್ತದೆ. ಚಿನ್ನ ಮುಗಿದ ಮೇಲೆ ಈ ಸೀಮೆಯಿಂದ ಬೆಂಗಳೂರಿಗೆ ಹೆಸರು ಮಾಡಿಕೊಂಡು ಹೋದ ಸರಕು ಇದೊಂದೇ ಇರಬೇಕು. ತಿನ್ನಿ, ಮುಂದಕ್ಕೆ ಹೋಗೋಣ.

ಬಲ್ಬು ಮೊದಲು ಹತ್ತಿದ್ದು ಇಲ್ಲಿ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹದಿನೈದು ಹದಿನಾರು ಕಿಲೋಮೀಟರ್. ಕಿಟಕಿ ಪಕ್ಕ ಕುಳಿತುಕೊಳ್ಳಿ. ಹೊಲ, ನೀಲಗಿರಿ ತೋಪು, ಮತ್ತೆ ಹೊಲ. ಇದ್ದಕ್ಕಿದ್ದ ಹಾಗೆ ಬೂದಿ ಬಣ್ಣದ, ತಲೆ ಚಪ್ಪಟೆಯಾದ ಗುಡ್ಡಗಳು. ಮಧ್ಯೆ ಮಧ್ಯೆ ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ತುದಿಯಲ್ಲಿ ಒಂದು ದೊಡ್ಡ ಚಕ್ರ. ಸಿನಿಮಾದಲ್ಲಿ ನೋಡಿದ್ದೀರಿ. ಆ ಚಕ್ರದ ಮೇಲೆ ಹಗ್ಗ ಓಡಿಸಿ, ಕಬ್ಬಿಣದ ಪಂಜರದಲ್ಲಿ ಮನುಷ್ಯರನ್ನು ತುಂಬಿ ಪಾತಾಳಕ್ಕೆ ಇಳಿಸುತ್ತಿದ್ದರು.

ಸಿನಿಮಾ ಪ್ರಕಾರ ನರಾಚಿಯಲ್ಲಿ ಚಿನ್ನ ಸಿಕ್ಕಿದ್ದು 1951ರಲ್ಲಿ, ರಾಕಿ ಹುಟ್ಟಿದ ದಿನ. ನಿಜದ ಲೆಕ್ಕ ಅದಕ್ಕಿಂತ ಎಷ್ಟೋ ಹಿಂದಿನದು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಜಾನ್ ವಾರೆನ್ ಎಂಬ ಲೆಫ್ಟಿನೆಂಟ್ 1802ರಲ್ಲೇ ಇಲ್ಲಿಯ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಣ್ಣಾರೆ ಕಂಡು ವರದಿ ಬರೆದ. ಎಪ್ಪತ್ತು ವರ್ಷ ಆ ವರದಿಗೆ ಧೂಳು ಹಿಡಿಯಿತು. ಆಮೇಲೆ ಅದನ್ನು ಓದಿದವನು ಮೈಕೇಲ್ ಲವೆಲ್, ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ಸುಮ್ಮನೆ ಕೂತಿದ್ದ ಐರಿಷ್ ಸಿಪಾಯಿ. ಓದಿ ಅವನಿಗೆ ಹುಚ್ಚು ಹತ್ತಿತು. 1873ರಲ್ಲಿ ಅಗೆಯುವ ಪರವಾನಗಿ ಬೇಡಿ ಸರ್ಕಾರಕ್ಕೆ ಬರೆದ. ಕೈಯಲ್ಲಿ ಕಾಸಿಲ್ಲದೆ ಸೋತ ಆಸಾಮಿ ಅವನು, ಆದರೂ ಹೆಸರು ಉಳಿಯಿತು. ಬೆಂಗಳೂರಿನ ಲವೆಲ್ ರೋಡ್‌ನಲ್ಲಿ ಬೈಕ್ ಓಡಿಸಿದ್ದೀರಾ? ಅದೇ ಲವೆಲ್. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂತು. ಮೈಸೂರ್ ಮೈನ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ, ಬಾಲಘಾಟ್... ಒಂದರ ಪಕ್ಕ ಒಂದು ಗಣಿ. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಕಿಲೋ ಅಲ್ಲ ಗುರುಗಳೇ, ಟನ್!

ಈ ಗಣಿಗಳಿಗೋಸ್ಕರವೇ ಶಿವನಸಮುದ್ರದಲ್ಲಿ ಕಾವೇರಿಯನ್ನು ಹಿಡಿದು ಕರೆಂಟು ಮಾಡಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ. 1902ರ ಜೂನ್ ತಿಂಗಳಲ್ಲಿ 147 ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್‌ಗೆ ವಿದ್ಯುತ್ ಕೊಟ್ಟರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ರಾಜಧಾನಿ ಬುಡ್ಡಿದೀಪದಲ್ಲಿ ಕೂತಿದ್ದಾಗ ಇಲ್ಲಿ ಝಗ್ಗನೆ ಬಲ್ಬು! ನೀರು ಬೇತಮಂಗಲದ ಕೆರೆಯಿಂದ. ಸಾಹೇಬರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 'ಲಿಟಲ್ ಇಂಗ್ಲೆಂಡ್' ಅಂತ ಅವರೇ ಕರೆದುಕೊಂಡರು. ಕೆಳಗಿಳಿಯುವವರಿಗೆ? ಅವರಿಗೆ ತಟ್ಟಿ ಗೋಡೆಯ ಲೈನ್ ಮನೆ, ಎದ್ದು ನಿಂತರೆ ತಲೆಗೆ ಸೂರು.

ಹತ್ತು ಚಾಮುಂಡಿ ಬೆಟ್ಟ, ತಲೆಕೆಳಗಾಗಿ

ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಬಂದ ದಲಿತರು. ಊರಲ್ಲಿ ಜಮೀನ್ದಾರರ ಹೊಲದಲ್ಲಿ ಜೀತ, ಬರಗಾಲ. ಇಲ್ಲಿ ಪಾತಾಳ, ಆದರೆ ತಿಂಗಳಿಗೆ ಕೈಯಲ್ಲಿ ಕಾಸು. ಅವರು ಪಾತಾಳವನ್ನೇ ಆರಿಸಿಕೊಂಡರು. ಪಾ. ರಂಜಿತ್ ಅವರ 'ತಂಗಲಾನ್' 2024ರ ಆಗಸ್ಟ್ 15ಕ್ಕೆ ಬಂತಲ್ಲ, ವಿಕ್ರಂ ಗುರುತೇ ಸಿಗದ ಹಾಗೆ ವೇಷ ಹಾಕಿದ ತಮಿಳು ಚಿತ್ರ, ಅದು ಹೇಳಹೊರಟದ್ದು ಈ ಜನರ ಮೂಲದ ಕಥೆಯನ್ನು. ನನ್ನನ್ನು ಕೇಳಿದರೆ ಅದರಲ್ಲಿ ಮಾಯ ಮಂತ್ರ ಸ್ವಲ್ಪ ಜಾಸ್ತಿಯಾಯಿತು. ಆದರೆ ಚಿನ್ನ ಯಾರ ಬೆವರು ಅನ್ನುವುದನ್ನು ನಮ್ಮ 'ಕೆ.ಜಿ.ಎಫ್'ಗಿಂತ ಆ ಚಿತ್ರ ನೇರವಾಗಿ ಹೇಳಿತು. ಈ ಮಾತಿಗೆ ನಮ್ಮ ಅಭಿಮಾನಿಗಳು ಬೈದರೆ ಬೈಯಲಿ.

ಚಾಂಪಿಯನ್ ರೀಫ್ ಗಣಿ 10,000 ಅಡಿಗೂ ಮೀರಿ ಇಳಿಯಿತು. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿ ಅದರ ಹೆಸರು. ಆ ಆಳ ಎಷ್ಟು ಅನ್ನೋದು ತಲೆಗೆ ಹೋಗಬೇಕಾದರೆ ಹೀಗೆ ಮಾಡಿ. ಮೈಸೂರಿನಿಂದ ಚಾಮುಂಡಿ ಬೆಟ್ಟ ಹತ್ತಿದ್ದೀರಲ್ಲ? ಅಂಥ ಹತ್ತು ಬೆಟ್ಟ ಒಂದರ ಮೇಲೊಂದು ಪೇರಿಸಿ, ತಲೆಕೆಳಗು ಮಾಡಿ ನೆಲಕ್ಕೆ ಚುಚ್ಚಿ. ಅಷ್ಟು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಮೇಲಿಂದ ತಣ್ಣನೆ ಗಾಳಿ ಊದದಿದ್ದರೆ ಮನುಷ್ಯ ಬೆಂದು ಹೋಗಬೇಕು.

ಚಾಂಪಿಯನ್ ಸ್ಟೇಷನ್ನಿನ ಹತ್ತಿರದ ಒಂದು ಟೀ ಅಂಗಡಿಯಲ್ಲಿ ಒಬ್ಬ ಯಜಮಾನರು ಸಿಕ್ಕಿದರು. ವಯಸ್ಸು ಎಪ್ಪತ್ತರ ಆಸುಪಾಸು, ಗಣಿ ಮುಚ್ಚುವವರೆಗೂ ಕೆಳಗೆ ದುಡಿದವರು. ತಮಿಳು ಬೆರೆತ ಕನ್ನಡ. ನಾನು ಪೆನ್ನು ತೆಗೆದ ತಕ್ಷಣ ನಕ್ಕರು.

"ಸಿನಿಮಾ ಪೇಪರಾ ತಂಬಿ? ನಮ್ಮನ್ನ ಹಾಕಿದರೆ ಯಾರು ಓದ್ತಾರೆ? ಯಶ್ ಫೋಟೋ ಹಾಕು, ಪೇಪರ್ ಓಡುತ್ತೆ."

"ಯಶ್ ಫೋಟೋನೂ ಹಾಕ್ತಾರೆ ಯಜಮಾನ್ರೇ, ನೀವು ಹೇಳಿ. ಕೆಳಗೆ ಹೋಗುವಾಗ ಹೆದರಿಕೆ ಆಗ್ತಿರಲಿಲ್ವಾ?"

"ಕೇಜ್ ಇಳಿಯೋವಾಗ ಯಾರೂ ಮಾತಾಡಲ್ಲ. ಕಿವಿ ಗುಂಯ್ ಅನ್ನುತ್ತೆ. ಕೆಲಸ ಶುರು ಆದ ಮೇಲೆ ಹೆದರಿಕೆಗೆ ಟೈಮ್ ಎಲ್ಲಿ? ಮನೇಲಿ ಇರೋರಿಗೇ ಹೆದರಿಕೆ. ಏರ್ ಬ್ಲಾಸ್ಟ್ ಆದರೆ ಮೇಲೆ ಪಾತ್ರೆ ಬೀಳುತ್ತೆ. ಪಾತ್ರೆ ಬಿದ್ದ ತಕ್ಷಣ ಹೆಂಗಸರು ಶಾಫ್ಟ್ ಹತ್ರ ಓಡಿ ಬರ್ತಾರೆ. ಯಾರು ಮೇಲೆ ಬಂದ್ರು, ಯಾರು ಬಂದಿಲ್ಲ ಅಂತ ನೋಡೋಕೆ."

'ಏರ್ ಬ್ಲಾಸ್ಟ್' ಅಂದರೆ ಗಾಳಿಯ ಸ್ಫೋಟ ಅಲ್ಲ, ಇಲ್ಲಿಯವರು ಬಂಡೆ ಸಿಡಿತಕ್ಕೆ ಇಟ್ಟ ಹೆಸರು. ಅಷ್ಟು ಆಳದಲ್ಲಿ ಬಂಡೆಯ ಮೇಲೆ ಇಡೀ ಭೂಮಿಯ ಭಾರ. ಮಧ್ಯೆ ಅದಿರು ಕೊರೆದು ಟೊಳ್ಳು ಮಾಡಿದರೆ ಆ ಭಾರ ಪಕ್ಕದ ಗೋಡೆಗೆ ಬೀಳುತ್ತದೆ. ತಡೆಯುವಷ್ಟು ತಡೆದು, ಒಂದು ಗಳಿಗೆಯಲ್ಲಿ ಗೋಡೆ ಬಾಂಬಿನ ಹಾಗೆ ಸಿಡಿಯುತ್ತದೆ. ಮೇಲೆ ಊರಿನಲ್ಲಿ ಭೂಕಂಪ ಆದಂತೆ ಮನೆ ನಡುಗುತ್ತದೆ. ಇದನ್ನು ಅಭ್ಯಾಸ ಮಾಡಲೆಂದೇ ಇಲ್ಲಿ ಶಿಲಾ ಯಂತ್ರಶಾಸ್ತ್ರದ ರಾಷ್ಟ್ರೀಯ ಸಂಸ್ಥೆ ಹುಟ್ಟಿಕೊಂಡಿತು. ಸಿಡಿತದಲ್ಲಿ ಉಳಿದವನನ್ನು ಧೂಳು ಬಿಡುತ್ತಿರಲಿಲ್ಲ. ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್. ಯಜಮಾನರು ಮಾತಿನ ಮಧ್ಯೆ ಮೂರು ಸಲ ನಿಲ್ಲಿಸಿ ಕೆಮ್ಮಿದರು. ಕಾರಣ ನಾನು ಕೇಳಲಿಲ್ಲ.

ಇನ್ನೊಂದು ಸ್ವಾರಸ್ಯ. ಇದೇ ಆಳವನ್ನು ವಿಜ್ಞಾನಿಗಳೂ ಬಳಸಿಕೊಂಡರು. ಆಕಾಶದಿಂದ ಬೀಳುವ ಬೇರೆ ಕಣಗಳೆಲ್ಲಾ ಬಂಡೆಯಲ್ಲಿ ತಡೆದು ನಿಂತು, ನ್ಯೂಟ್ರಿನೋ ಎಂಬ ಭೂತದಂಥ ಕಣ ಮಾತ್ರ ಅಷ್ಟು ಕೆಳಗೆ ಇಳಿಯುತ್ತದಂತೆ. ಬೊಂಬಾಯಿಯ ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ 1965ರಲ್ಲಿ ಚಾಂಪಿಯನ್ ರೀಫ್‌ನೊಳಗೆ ಅದರ ಜಾಡು ಹಿಡಿದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಜಗತ್ತಿಗೆ ಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಕೋಲಾರ ಜಿಲ್ಲೆಯೂ ಒಂದು. ಇದನ್ನು ಯಾವ ನಿರ್ದೇಶಕರೂ ಇನ್ನೂ ಸಿನಿಮಾ ಮಾಡಿಲ್ಲ. ಗಾಂಧಿನಗರದವರು ಗಮನಿಸಬಹುದು.

ಹೀರೋ ಬರುವವರೆಗೆ ಕಾಯಲಿಲ್ಲ

ಈಗ ಫೈಟ್ ವಿಷಯಕ್ಕೆ ಬರೋಣ. ನಾನೂ 'ಕೆ.ಜಿ.ಎಫ್' ಎರಡೂ ಭಾಗಗಳನ್ನು ಮೊದಲ ದಿನ ಮೊದಲ ಶೋ ನೋಡಿ ಶಿಳ್ಳೆ ಹೊಡೆದವನೇ. ಬಸ್ ಡ್ರೈವರ್ ಮಗನೊಬ್ಬ ಕನ್ನಡದ ಬಾವುಟವನ್ನು ಬೊಂಬಾಯಿಯವರೆಗೆ ಎತ್ತಿದ ಅನ್ನುವುದು ನಮಗೆಲ್ಲಾ ಹೆಮ್ಮೆಯೇ. ಮೊದಲ ಭಾಗಕ್ಕೆ ಸಾಹಸ, ವಿಶುವಲ್ ಎಫೆಕ್ಟ್ಸ್ ಎರಡಕ್ಕೂ ರಾಷ್ಟ್ರಪ್ರಶಸ್ತಿ. 2022ರ ಏಪ್ರಿಲ್ 14ಕ್ಕೆ ಬಂದ ಎರಡನೇ ಭಾಗ ಸಾವಿರ ಕೋಟಿ ದಾಟಿತು. ಸಿನಿಮಾ ಅಂದರೆ ಕಲ್ಪನೆ. ಇತಿಹಾಸ ಹೇಳ್ತೀವಿ ಅಂತ ಪ್ರಶಾಂತ್ ನೀಲ್ ಎಲ್ಲೂ ಮಾತು ಕೊಟ್ಟಿಲ್ಲ.

ಆದರೆ ಒಂದು ವಿಷಯ ಮಾತ್ರ ಈ ಊರಿನವರಿಗೆ ಚುಚ್ಚುತ್ತದೆ. ತೆರೆಯ ಮೇಲೆ ಗಣಿಯ ಜನ ಎಂದರೆ ಬಾಯಿಲ್ಲದ ಗುಲಾಮರು, ಹೊರಗಿನಿಂದ ಹೀರೋ ಬಂದು ಬಿಡಿಸಬೇಕು. ನಿಜದ ಕೆ.ಜಿ.ಎಫ್‌ನವರಿಗೆ ಬಾಯಿ ಇತ್ತು ಸ್ವಾಮಿ, ಚೆನ್ನಾಗಿಯೇ ಇತ್ತು. 1930ರಲ್ಲಿ ಕಂಪನಿ ಕಳ್ಳರ ಹಾಗೆ ಎಲ್ಲರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಕೆಲಸಗಾರರು ಗಣಿ ನಿಲ್ಲಿಸಿದರು. ಒಂದಲ್ಲ ಎರಡಲ್ಲ, 21 ದಿನ. ಆಗ ಇವರಿಗೆ ಸಂಘವೂ ಇಲ್ಲ, ಲೀಡರೂ ಇಲ್ಲ! 1946ರ ಮುಷ್ಕರದ ಹೊತ್ತಿನಲ್ಲಿ ಪೊಲೀಸರ ಗುಂಡಿಗೆ ಆರು ಜನ ಬಿದ್ದರು. ಅವರನ್ನು ಇಲ್ಲಿಯ ಕೆಂಪು ಬಾವುಟದವರು ಹುತಾತ್ಮರೆಂದು ಸ್ಮರಿಸುತ್ತಾರೆ. ಅದಕ್ಕೂ ಎಷ್ಟೋ ಮುಂಚೆ, 20ನೇ ಶತಮಾನದ ಆರಂಭದಲ್ಲೇ, ಜಾತಿ ಬೇಡ ಎಂದು ಚಾಂಪಿಯನ್ ರೀಫ್‌ನಲ್ಲಿ ಬೌದ್ಧ ಸಂಘ ಕಟ್ಟಿಕೊಂಡಿದ್ದರು. 1954ರಲ್ಲಿ ಅಂಬೇಡ್ಕರ್ ಅವರೇ ಇಲ್ಲಿಗೆ ಬಂದರು. ಕರ್ನಾಟಕದಲ್ಲಿದ್ದುಕೊಂಡು ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಕ್ಷದವರನ್ನು, ಅಣ್ಣಾ ಡಿ.ಎಂ.ಕೆ.ಯವರನ್ನು, ಎಲ್ಲರನ್ನೂ ಒಂದೊಂದು ಸಲ ವಿಧಾನಸಭೆಗೆ ಕಳಿಸಿದ ಕ್ಷೇತ್ರ ಬೇರೆ ಯಾವುದಿದೆ ಹೇಳಿ? ಯಾರ ಮಾತನ್ನೂ ಸುಮ್ಮನೆ ಕೇಳುವ ಜನ ಅಲ್ಲ ಇವರು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ಕಂಪನಿಯಿಂದ ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅಷ್ಟು ಹೊತ್ತಿಗೆ ಆಳ ಹೆಚ್ಚಾಗಿತ್ತು, ಅದಿರಿನಲ್ಲಿ ಚಿನ್ನ ಕಡಿಮೆಯಾಗಿತ್ತು. ಒಂದು ಗ್ರಾಂ ತೆಗೆಯುವ ಖರ್ಚು ಅದರ ಬೆಲೆಯನ್ನೇ ಮೀರಿತು. 2001ರ ಫೆಬ್ರವರಿ 28, ಗಣಿಯ ಕೊನೆಯ ದಿನ. ಪಂಪು ನಿಂತವು. ಕೆಳಗೆ ನೀರು ಏರತೊಡಗಿತು. ನೂರಿಪ್ಪತ್ತು ವರ್ಷ ಕೊರೆದ ದಾರಿಗಳೆಲ್ಲಾ ಒಂದೊಂದಾಗಿ ಮುಳುಗಿದವು.

ಬೆಳಗಿನ ರೈಲು

ಗಣಿ ಮುಚ್ಚಿದರೆ ಊರು ಸಾಯಬೇಕಿತ್ತು. ಪುಸ್ತಕದಲ್ಲೆಲ್ಲಾ ಹಾಗೇ ಬರೆದಿರುತ್ತಾರೆ, ಅಮೆರಿಕದಲ್ಲಿ ಅಂಥ 'ಭೂತದ ಊರು'ಗಳು ಇವೆಯಂತೆ. ಕೆ.ಜಿ.ಎಫ್ ಸಾಯಲಿಲ್ಲ. ಏಕೆ ಅಂತ ತಿಳಿಯಬೇಕಾದರೆ ಒಂದು ರಾತ್ರಿ ಇಲ್ಲೇ ಉಳಿದು, ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ ಸ್ಟೇಷನ್ನಿಗೆ ಬನ್ನಿ. ಟಿಫಿನ್ ಕ್ಯಾರಿಯರ್, ಬೆನ್ನಿಗೆ ಬ್ಯಾಗು, ಕಿವಿಗೆ ಇಯರ್‌ಫೋನು. ಹುಡುಗರು, ಹುಡುಗಿಯರು, ನಲವತ್ತು ದಾಟಿದವರು. ಬೆಂಗಳೂರಿನ ಗಾರ್ಮೆಂಟ್ಸು, ಸೆಕ್ಯುರಿಟಿ, ಆಸ್ಪತ್ರೆ, ಐ.ಟಿ. ಆಫೀಸು, ಎಲ್ಲಿ ಬೇಕಾದರೂ ಕೆಲಸ. ಊರ್ಗಾಂ ಬರುವಷ್ಟರಲ್ಲಿ ಸೀಟು ತುಂಬುತ್ತದೆ, ಬಂಗಾರಪೇಟೆಯಲ್ಲಿ ನಿಲ್ಲಲೂ ಜಾಗ ಇಲ್ಲ. ಒಂದು ಕಡೆಗೆ ಎರಡು ತಾಸಿನ ಮೇಲೆ. ರಾತ್ರಿ ಅದೇ ದಾರಿ. ತಾತ ಕೇಜಿನಲ್ಲಿ ನಿಂತುಕೊಂಡು ಕೆಳಗೆ ಹೋಗುತ್ತಿದ್ದ, ಮೊಮ್ಮಗ ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ ಹೋಗುತ್ತಾನೆ.

ನಾನು ಹೋದ ದಿನ ಪಕ್ಕದಲ್ಲಿ ನಿಂತಿದ್ದವನು ನನಗಿಂತ ಚಿಕ್ಕವನು, ನನ್ನ ಹಾಗೇ ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ಮೊಬೈಲ್ ಅಂಗಡಿಯಲ್ಲಿ ಕೆಲಸ. "ಬೆಂಗಳೂರಲ್ಲಿ ರೂಮ್ ಮಾಡಬಾರದಾ ಬ್ರದರ್?" ಅಂದೆ. "ಸಂಬಳ ಪೂರ್ತಿ ರೂಮಿಗೇ ಹೋಗುತ್ತೆ ಅಣ್ಣಾ. ಇಲ್ಲಿ ತಾತನಿಗೆ ಕೊಟ್ಟ ಮೈನ್ಸ್ ಕ್ವಾರ್ಟರ್ಸ್ ಇದೆ. ನಮ್ಮ ಹೆಸರಿಗೆ ಆಗಿಲ್ಲ ಅಷ್ಟೇ" ಅಂದ. ಅವನು 'ಅಷ್ಟೇ' ಅಂದದ್ದು ಇಲ್ಲಿ ದೊಡ್ಡ ವಿಷಯ. ಗಣಿ ಮುಚ್ಚಿದ ಮೇಲೆ ಕಾರ್ಮಿಕರ ಬಾಕಿ ಹಣ, ವಾಸದ ಮನೆಯ ಹಕ್ಕು ಎರಡೂ ವರ್ಷಗಟ್ಟಲೆ ಎಳೆದಾಡಿದವು. ಅವನ ಮನೆಯ ಕಾಗದಪತ್ರ ಇನ್ನೂ ಯಾವುದೋ ಫೈಲಿನಲ್ಲಿದೆ.

ಊರಲ್ಲೇ ಕೆಲಸ ಅಂದರೆ ಬಿ.ಇ.ಎಂ.ಎಲ್. 1964ರಲ್ಲಿ ಶುರುವಾದ, ಮಣ್ಣು ಅಗೆಯುವ ದೈತ್ಯ ಯಂತ್ರಗಳನ್ನು ಮಾಡುವ ಸರ್ಕಾರಿ ಕಾರ್ಖಾನೆ. ಅಲ್ಲಿ ಕಾಯಂ ಕೆಲಸ ಸಿಕ್ಕವನಿಗೆ ಹೆಣ್ಣು ಕೊಡಲು ಕ್ಯೂ. 2018ರಲ್ಲಿ ಕೆ.ಜಿ.ಎಫ್ ಬಂಗಾರಪೇಟೆಯಿಂದ ಬೇರೆಯಾಗಿ ತಾನೇ ತಾಲ್ಲೂಕಾಯಿತು. ಗಣಿಯ ಖಾಲಿ ಜಮೀನಿನಲ್ಲಿ ಕೈಗಾರಿಕಾ ಟೌನ್‌ಶಿಪ್ ಬರುತ್ತದೆ ಎಂಬ ಮಾತೂ ಎದ್ದಿತು. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಪಕ್ಕದ ಬೇತಮಂಗಲದ ಮೇಲೇ ಹಾದಿದೆ. ಹೊಸಕೋಟೆಯಿಂದ ಕಾರಿನಲ್ಲಿ ಒಂದು ತಾಸೂ ಬೇಡ. (ಬೈಕಿನವರು ಆಸೆಪಡಬೇಡಿ, ಅದರ ಮೇಲೆ ದ್ವಿಚಕ್ರಕ್ಕೆ ಪ್ರವೇಶ ಇಲ್ಲ.) ರಸ್ತೆ ಬಂದ ಮೇಲೆ ಕಾರ್ಖಾನೆ ಬರುತ್ತೋ, ಬರೀ ಸೈಟಿನ ರೇಟು ಏರುತ್ತೋ? ಟೀ ಅಂಗಡಿಯಲ್ಲಿ ಇದರ ಮೇಲೆ ದಿನಾ ಚರ್ಚೆ.

ನೀವು ಹತ್ತುವ ಗುಡ್ಡ

ಈಗ ನೀವು ಕಾಯುತ್ತಿದ್ದ ಜಾಗ. ಸೈನೈಡ್ ಗುಡ್ಡ!

ಅದಿರನ್ನು ಹಿಟ್ಟಿನ ಹಾಗೆ ಪುಡಿಮಾಡಿ, ಸೈನೈಡ್ ನೀರಿನಲ್ಲಿ ನೆನೆಸಿದರೆ ಚಿನ್ನ ಕರಗಿ ನೀರಿಗೆ ಬರುತ್ತದೆ. ಉಳಿದ ಹಿಟ್ಟನ್ನು ಹೊರಗೆ ಸುರಿಯುತ್ತಿದ್ದರು. ನೂರು ವರ್ಷಕ್ಕೂ ಮೀರಿ ಸುರಿದದ್ದು ಇವತ್ತು 13 ಗುಡ್ಡ, ಒಟ್ಟು 3.3 ಕೋಟಿ ಟನ್. ದೂರದಿಂದ ನೋಡಿದರೆ ರಾಜಸ್ಥಾನದ ಮರಳುಗಾಡು, ಹತ್ತಿರ ಹೋದರೆ ಮಳೆ ಕೊರೆದ ಸೀಳುಗಳು, ಚಂದ್ರಲೋಕ. ಕ್ಯಾಮೆರಾಮನ್‌ಗಳಿಗೆ ಪ್ರಾಣ. ಭುವನ್ ಗೌಡ ಕ್ಯಾಮೆರಾದಲ್ಲಿ ಇದೇ ಬೂದಿ ಮಣ್ಣು ನರಾಚಿ ಆಗಿ ಕಂಡದ್ದು. ಭಾನುವಾರ ಬಂದರೆ ಗಡ್ಡ ಬಿಟ್ಟ ಹುಡುಗರು ಗುಂಪುಗುಂಪಾಗಿ ರೀಲ್ಸ್ ಮಾಡುತ್ತಾ ಸಿಕ್ಕುತ್ತಾರೆ. ರವಿ ಬಸ್ರೂರ್ ಮ್ಯೂಸಿಕ್ ಮೊಬೈಲಿನಲ್ಲಿ.

ಊರಿನವರು ಆ ಗುಡ್ಡವನ್ನು ನೋಡುವ ರೀತಿ ಬೇರೆ. ಆಷಾಢದ ಗಾಳಿ ಶುರುವಾದರೆ ಗುಡ್ಡ ಎದ್ದು ಮನೆಯೊಳಗೆ ಬರುತ್ತದೆ. ಅನ್ನದ ತಟ್ಟೆಗೆ, ಮಗುವಿನ ತೊಟ್ಟಿಲಿಗೆ, ಒಣಗಲು ಹಾಕಿದ ಬಟ್ಟೆಗೆ. 2019ರಲ್ಲಿ ಎರಡನೇ ಭಾಗದ ಶೂಟಿಂಗ್ ನಡೆಯುವಾಗ ಪರಿಸರಕ್ಕೆ ಹಾನಿ ಎಂದು ಸ್ಥಳೀಯರ ದೂರಿನ ಮೇಲೆ ಇಲ್ಲಿಯ ಕೋರ್ಟು ತಡೆ ಕೊಟ್ಟದ್ದು ಇದೇ ಗುಡ್ಡದ ವಿಷಯದಲ್ಲಿ. ಆಗ ನಾವೆಲ್ಲಾ 'ಯಾರಪ್ಪಾ ಇವರು, ಕನ್ನಡ ಸಿನಿಮಾಗೆ ಅಡ್ಡ ಬರ್ತಾರೆ' ಅಂತ ಸಿಟ್ಟಾಗಿದ್ದೆವು. ಆಷಾಢದಲ್ಲಿ ಒಂದು ದಿನ ಇಲ್ಲಿ ಊಟ ಮಾಡಿದರೆ ಆ ಸಿಟ್ಟು ಇಳಿಯುತ್ತದೆ.

ಇನ್ನು ಹೊಸ ಸುದ್ದಿ. ಆ ಹಿಟ್ಟಿನಲ್ಲಿ ಇನ್ನೂ ಚಿನ್ನ ಇದೆ! ಟನ್ನಿಗೆ ಒಂದು ಗ್ರಾಂಗೂ ಕಡಿಮೆ. ಹಳೇ ಕಾಲದ ಯಂತ್ರಕ್ಕೆ ಸಿಗದೆ ಉಳಿದದ್ದು. ಚಿನ್ನದ ಬೆಲೆ ಆಕಾಶಕ್ಕೆ ಏರಿದ ಮೇಲೆ ಅಷ್ಟಕ್ಕೂ ಲಾಭ ಇದೆ ಎಂಬ ಲೆಕ್ಕ. ಸುಮಾರು 1,003 ಎಕರೆಯಲ್ಲಿ ಹರಡಿರುವ ಈ 13 ಗುಡ್ಡಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. 'ಕೆ.ಜಿ.ಎಫ್ ಮತ್ತೆ ಓಪನ್' ಅಂತ ವಾಟ್ಸಾಪಿನಲ್ಲಿ ಓಡಿದ್ದು ಅದೇ. ಸರಿಯಾಗಿ ಕೇಳಿಸಿಕೊಳ್ಳಿ, ಅದು ಸುರಂಗ ತೆರೆಯುವ ಮಾತಲ್ಲ. ಗುಡ್ಡ ಕರಗಿಸುವ ಮಾತು.

ಅಂದರೆ, ಆ ಕೆಲಸ ನಡೆದರೆ ನರಾಚಿಯೇ ಮಾಯ! ಅಭಿಮಾನಿಗಳಿಗೆ ಸೆಲ್ಫಿ ಜಾಗ ಹೋಗುತ್ತದೆ, ನಿರ್ಮಾಪಕರಿಗೆ ಕಡಿಮೆ ಖರ್ಚಿನ ಮರಳುಗಾಡು ಹೋಗುತ್ತದೆ. ಟೀ ಅಂಗಡಿಯ ಯಜಮಾನರನ್ನು ಕೇಳಿದೆ, ಹೋದರೆ ಬೇಜಾರಾ ಅಂತ.

"ಹೋಗಲಿ ತಂಬಿ. ಧೂಳು ಹೋದರೆ ಸಾಕು. ಆದರೆ ಮಿಷನ್ ಬರುತ್ತೆ, ಮಿಷನ್ ಓಡಿಸೋರು ಬೇರೆ ಕಡೆಯಿಂದ ಬರ್ತಾರೆ. ನಮ್ಮ ಹುಡುಗರು ಮಾತ್ರ ಅದೇ ಬೆಳಗಿನ ಟ್ರೈನು. ಹಾಗೆ ಆಗಬಾರದು, ಅಷ್ಟೇ."

ಗುಡ್ಡ ಕರಗಿಸಲು ಬಂಡೆ ಒಡೆಯುವ ಸಾವಿರಾರು ಕೈ ಬೇಕಿಲ್ಲ, ಪೈಪು, ಟ್ಯಾಂಕು, ಕೆಲವೇ ಜನ ಸಾಕು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗಣಿಯಲ್ಲಿ ದುಡಿದವರ ಮಕ್ಕಳಿಗೆ ಇಷ್ಟು ಕೆಲಸ ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳದೆ ಒಂದು ಗುದ್ದಲಿ ಮಣ್ಣನ್ನೂ ಎತ್ತಲು ಬಿಡಬಾರದು ಎನ್ನುವುದು ನನ್ನ ಅಭಿಪ್ರಾಯ.

ಹೋಗುವವರಿಗೆ

ಗೋಪುರದ ಕೆಳಗಿನ ಶಾಫ್ಟ್‌ಗಳ ಒಳಗೆ ಇಣುಕುವ ಸಾಹಸ ಬೇಡ. 2020ರಲ್ಲಿ ಕಳವಿಗೆ ಇಳಿದ ಮೂವರು ಒಳಗೇ ಉಸಿರುಗಟ್ಟಿ ಸತ್ತರು. ಅಲ್ಲಿ ಕೆಳಗೆ ಗಾಳಿ ಇಲ್ಲ, ನೀರಿದೆ. ಗಣಿಯ ಜಾಗಕ್ಕೆ ಕಾವಲಿದೆ, ಕೇಳಿ ಒಳಗೆ ಹೋಗಿ.

ನೋಡಲು ಬೇಕಾದಷ್ಟಿದೆ. ಊರ್ಗಾಂ ಸ್ಟೇಷನ್ ಕಟ್ಟಡ, ನೂರು ದಾಟಿದ ಚರ್ಚುಗಳು, ಸಂಜೆ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟು. ಅಲ್ಲಿ ಒಂದೇ ಅಂಗಡಿಯ ಮುಂದೆ ಕನ್ನಡ, ತಮಿಳು, ತೆಲುಗು, ಉರ್ದು, ಇಂಗ್ಲಿಷ್ ಐದೂ ಕಿವಿಗೆ ಬೀಳುತ್ತವೆ. ಹತ್ತಿರದ ಕಮ್ಮಸಂದ್ರದಲ್ಲಿ ಕೋಟಿಲಿಂಗೇಶ್ವರ. 1980ರಲ್ಲಿ ಶುರುವಾದ ಕ್ಷೇತ್ರ, 108 ಅಡಿ ಎತ್ತರದ ಲಿಂಗ, ಎದುರಿಗೆ 35 ಅಡಿ ನಂದಿ, ಸುತ್ತ ಲೆಕ್ಕವಿಲ್ಲದಷ್ಟು ಸಣ್ಣ ಲಿಂಗಗಳು. ಗುಟ್ಟಹಳ್ಳಿಯ ಬಂಗಾರು ತಿರುಪತಿಯಲ್ಲಿ ವೆಂಕಟರಮಣನನ್ನು ಆರು ಕಿಂಡಿಯ ಕಿಟಕಿಯಿಂದಲೇ ನೋಡಬೇಕು. ಚರಿತ್ರೆ ಹುಚ್ಚಿದ್ದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ, ಹೈದರಾಲಿ ಹುಟ್ಟಿದ್ದು ಅಲ್ಲಿ ಅಂತಾರೆ. ಕೋಲಾರದ ಕೋಲಾರಮ್ಮ, ಅಂತರಗಂಗೆ ಮಾಮೂಲು, ಹೇಳಬೇಕಾಗಿಲ್ಲ. ಮುಳಬಾಗಿಲು ಕಡೆ ಹೋದರೆ ನಮ್ಮ ಸೌಂದರ್ಯ ಆ ತಾಲ್ಲೂಕಿನ ಮಗಳು ಎಂದು ನೆನೆದು ಒಂದು ನಿಟ್ಟುಸಿರು ಬಿಡಿ.

ಬೆಂಗಳೂರಿನಿಂದ ಬಸ್ಸಿಗೆ ನೂರು ಕಿಲೋಮೀಟರ್. ರೈಲೇ ಮಜಾ. ಸಂಜೆ ವಾಪಸು ಹೊರಡುವವರು ಬಾಗಿಲ ಹತ್ತಿರ ಅಡ್ಡ ನಿಲ್ಲಬೇಡಿ. ಬೆಳಿಗ್ಗೆ ಹೋದವರು ಆಗ ಇಳಿಯುತ್ತಿರುತ್ತಾರೆ, ಖಾಲಿ ಟಿಫಿನ್ ಕ್ಯಾರಿಯರ್ ಕೈಯಲ್ಲಿ, ಮನೆಗೆ ಹೋಗುವ ಅವಸರದಲ್ಲಿ. ಅವರು ಇಳಿದ ಮೇಲೆ ಹತ್ತಿ, ಸೀಟು ಸಿಗುತ್ತದೆ.